ಹಿಂಡಬೇಕೇ, ಬಿಡಬೇಕೇ: ಬಾಣಂತಿಯ ಎದೆಬಾವು ಮತ್ತು ಚೀನೀ ವೈದ್ಯ

ಹಾಲೂಡಿಸುವ ತಾಯಿಯ ಎದೆಯಲ್ಲಿ ಗಂಟು ಕಟ್ಟಿ, ಚರ್ಮ ಕೆಂಪೇರಿ, ಚಳಿಜ್ವರ ಬಂದರೆ ಏನು ಮಾಡಬೇಕು? ಕೆಲವೇ ವರ್ಷಗಳ ಹಿಂದೆ ಈ ಪ್ರಶ್ನೆಗೆ ಬಹುತೇಕ ಎಲ್ಲ ಕಡೆ ಸಿಗುತ್ತಿದ್ದ ಉತ್ತರ ಒಂದೇ: ಬಿಸಿ ಶಾಖ ಕೊಡಿ, ಗಂಟನ್ನು ತಿಕ್ಕಿ ಕರಗಿಸಿ, ಹಾಲನ್ನು ಪೂರ್ತಿ ಖಾಲಿ ಮಾಡಿ. ಎದೆಹಾಲಿನ ವಿಷಯದಲ್ಲಿ ಪರಿಣತಿ ಪಡೆದ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊರಡಿಸಿದ 36ನೇ ಮಾರ್ಗಸೂಚಿ ಈ ಮೂರನ್ನೂ ಹೆಚ್ಚುಕಡಿಮೆ ತಲೆಕೆಳಗು ಮಾಡಿತು. ತಣ್ಣನೆಯ ಪಟ್ಟಿ ಇಡಿ, ಒತ್ತಿ ತಿಕ್ಕಬೇಡಿ, ಮಗು ಕುಡಿಯುವಷ್ಟು ಕುಡಿಸಿ ಸಾಕು, ಪಂಪ್ ಹಚ್ಚಿ ಬರಿದು ಮಾಡಲು ಹೋಗಬೇಡಿ ಎಂದಿತು.

ಆಮೇಲೆ ಬಂದದ್ದು ಇನ್ನೊಂದು ಸುದ್ದಿ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೀತಿ ನಿರ್ಧರಿಸುವ ವಿಶ್ವ ಆರೋಗ್ಯ ಸಭೆಯು 2025–2034ರ ಸಾಂಪ್ರದಾಯಿಕ ವೈದ್ಯ ಕಾರ್ಯತಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಪುರಾವೆ ಇರುವ, ಸುರಕ್ಷಿತವಾದ ಪರಂಪರಾಗತ ಚಿಕಿತ್ಸೆಗಳನ್ನು ದೇಶಗಳು ತಮ್ಮ ಆರೋಗ್ಯ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಲಿ ಎಂಬುದು ಅದರ ತಿರುಳು. ಅಂಥ ಪದ್ಧತಿಗಳಲ್ಲಿ ತನ್ನ ನೆಲ ಬಿಟ್ಟು ದೂರದೂರಕ್ಕೆ ಹರಡಿರುವುದು ಚೀನೀ ವೈದ್ಯ. ಎದೆಬಾವಿಗೆ ಅದು ಹೇಳುವುದೋ: ತಡೆಯನ್ನು ಬಿಡಿಸು, ಹಾಲನ್ನು ಹರಿಸು, ತಂಪನ್ನು ದೂರವಿಡು.

ಅಂದರೆ ಆಧುನಿಕ ವೈದ್ಯ ಕೈಬಿಟ್ಟ ಮಾತನ್ನೇ ಚೀನೀ ವೈದ್ಯ ಹೇಳುತ್ತಿದೆಯೇ? ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಸ್ವಲ್ಪ ಒಳಗೆ ಇಳಿದರೆ ಜಗಳ ಇರುವ ಜಾಗ ಬೇರೆ. ಆ ಪದ್ಧತಿಯ ಗ್ರಂಥಗಳು ಬಾವನ್ನು ದಿನದಿಂದ ದಿನಕ್ಕೆ ಬದಲಾಗುವ ರೋಗವಾಗಿ ನೋಡಿ, ಪ್ರತಿ ಹಂತಕ್ಕೂ ಬೇರೆ ಚಿಕಿತ್ಸೆ ಹೇಳಿದ್ದವು. ಇಂದಿನ ಮಾರುಕಟ್ಟೆ ಅದರಲ್ಲಿ ಮೊದಲ ಹಂತದ ಚಿಕಿತ್ಸೆಯನ್ನು ಮಾತ್ರ ಕಿತ್ತುಕೊಂಡು ಎಲ್ಲ ಹಂತಕ್ಕೂ ಮಾರುತ್ತಿದೆ.

ಬಾವು ಹೇಗೆ ಬರುತ್ತದೆ

ಎದೆಬಾವು ಅಪರೂಪದ ಕಾಯಿಲೆಯಲ್ಲ. ಹಾಲೂಡಿಸುವ ತಾಯಂದಿರಲ್ಲಿ ಶೇ 3ರಿಂದ 20ರಷ್ಟು ಮಂದಿಗೆ ಇದು ಬರುತ್ತದೆ ಎಂಬುದು ಬೇರೆ ಬೇರೆ ಅಧ್ಯಯನಗಳ ಲೆಕ್ಕ. ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ ಬರಲು ಕಾರಣ, ಯಾವುದನ್ನು ಬಾವು ಎನ್ನಬೇಕು ಎಂಬ ಬಗ್ಗೆಯೇ ಒಮ್ಮತ ಇಲ್ಲದಿರುವುದು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಹೆಚ್ಚು. ಮಗು ಸರಿಯಾಗಿ ಬಾಯಿ ಕೊಡದಿರುವುದು, ತೊಟ್ಟು ಒಡೆದಿರುವುದು, ಬೇಕಾದ್ದಕ್ಕಿಂತ ಹೆಚ್ಚು ಹಾಲು ಇಳಿಯುವುದು, ಕುಡಿಸುವ ಹೊತ್ತು ತಪ್ಪುವುದು ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಸೋಂಕು ಸೇರಿಕೊಂಡಾಗ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾ ಸ್ಟೆಫೈಲೋಕಾಕಸ್ ಆರಿಯಸ್. ಚಿಕಿತ್ಸೆ ತಡವಾದರೆ ಕೆಲವರಲ್ಲಿ ಕೀವುಗಟ್ಟಿ ಕುರುವಾಗುತ್ತದೆ.

ಹಳೆಯ ವಿವರಣೆ ಹೀಗಿತ್ತು: ಹಾಲಿನ ನಾಳವೊಂದು ಕಟ್ಟಿಕೊಳ್ಳುತ್ತದೆ, ಹಿಂದೆ ಹಾಲು ನಿಲ್ಲುತ್ತದೆ, ನಿಂತ ಹಾಲಿನಲ್ಲಿ ಸೋಂಕು ಬೆಳೆಯುತ್ತದೆ. ಹಾಗಾದ ಮೇಲೆ ಕಟ್ಟಿದ್ದನ್ನು ಬಿಡಿಸುವುದೇ ಚಿಕಿತ್ಸೆ. 2022ರ ಮಾರ್ಗಸೂಚಿ ಕಾರಣ ಮತ್ತು ಪರಿಣಾಮದ ಜಾಗವನ್ನೇ ಬದಲಿಸಿತು. ಎದೆಯೊಳಗಿನ ನಾಳಗಳು ಲೆಕ್ಕವಿಲ್ಲದಷ್ಟು, ಒಂದರೊಳಗೊಂದು ಹೆಣೆದುಕೊಂಡಿವೆ; ಯಾವುದೋ ಒಂದು ನಾಳದಲ್ಲಿ ಹಾಲಿನ ಬಿರಡೆ ಕೂತಿದೆ ಎನ್ನುವ ಚಿತ್ರ ಅಂಗರಚನೆಗೆ ಹೊಂದುವುದಿಲ್ಲ. ಮೊದಲು ಊತ ಬರುತ್ತದೆ, ಆ ಊತ ಸುತ್ತಲಿಂದ ಒತ್ತಿ ನಾಳಗಳನ್ನು ಕಿರಿದಾಗಿಸುತ್ತದೆ, ಆಗ ಹಾಲು ಇಳಿಯುವುದಿಲ್ಲ. ಗಂಟಲು ಬಾತು ನುಂಗಲು ಆಗದಿದ್ದಾಗ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಬೆರಳು ಹಾಕಿ ಕೆದಕಿದರೆ ಏನಾದೀತು? ಇಲ್ಲೂ ಅದೇ. ತಿಕ್ಕಿದಷ್ಟೂ ಒಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟು ಬಿದ್ದು ಊತ ಏರುತ್ತದೆ. ಪಂಪ್‌ನಿಂದ ಬರಿದು ಮಾಡಿದಷ್ಟೂ ದೇಹ ಇನ್ನಷ್ಟು ಹಾಲು ಮಾಡುತ್ತದೆ, ಒತ್ತಡ ಮತ್ತೆ ಹೆಚ್ಚುತ್ತದೆ.

ಜಠರದ ಬಿಸಿ, ಯಕೃತ್ತಿನ ಬಿಗಿತ

ಚೀನೀ ವೈದ್ಯದಲ್ಲಿ ಈ ಕಾಯಿಲೆಯ ಹೆಸರು ರುಯೊಂಗ್. ಕ್ರಿ.ಶ. 610ರಲ್ಲಿ, ಸೂಯಿ ರಾಜವಂಶದ ಕಾಲದಲ್ಲಿ, ಆಸ್ಥಾನ ವೈದ್ಯ ಚಾವೊ ಯುವಾನ್‌ಫಾಂಗ್ ನೇತೃತ್ವದಲ್ಲಿ ಸಿದ್ಧವಾದ ರೋಗಕಾರಣಗಳ ಗ್ರಂಥ ಇದನ್ನು ವಿವರವಾಗಿ ಚರ್ಚಿಸುತ್ತದೆ. ಕೂಸು ಕುಡಿಯಲಾರದೆ ಹೋದಾಗ, ಕುಡಿದರೂ ಹಾಲು ಉಳಿದುಹೋದಾಗ, ಅಥವಾ ಹಾಲು ಬಿಡಿಸುವಾಗ ಎದೆಯನ್ನು ಸರಿಯಾಗಿ ಬರಿದು ಮಾಡದಿದ್ದಾಗ ಹಾಲು ಶೇಖರವಾಗಿ ಬಾವು ಬರುತ್ತದೆ ಎನ್ನುತ್ತದೆ ಅದು. ಸೂಕ್ಷ್ಮದರ್ಶಕಕ್ಕೆ ಸಾವಿರ ವರ್ಷ ಮುಂಚೆ, ಬ್ಯಾಕ್ಟೀರಿಯಾದ ಕಲ್ಪನೆಯೂ ಇಲ್ಲದ ಕಾಲದಲ್ಲಿ ಕಣ್ಣಿಟ್ಟು ನೋಡಿ ಬರೆದದ್ದು ಎಂಬುದನ್ನು ಮರೆಯಬಾರದು.

ಆ ವೈದ್ಯದಲ್ಲಿ ದೇಹದ ತುಂಬ 'ಚಿ' ಎಂಬ ಪ್ರಾಣಶಕ್ತಿ ಹರಿಯುವ ಹಾದಿಗಳಿವೆ. ಜಠರದ ಹಾದಿ ಎದೆಯ ಮೇಲೆ ಹಾದುಹೋಗುತ್ತದೆ. ಹದಿನಾಲ್ಕನೇ ಶತಮಾನದ ಹೆಸರಾಂತ ವೈದ್ಯ ಝೂ ದಾನ್‌ಶಿ ಇದನ್ನು ಇನ್ನೂ ಸ್ಪಷ್ಟಗೊಳಿಸಿ, ಎದೆ ಜಠರದ ಹಾದಿಗೂ ತೊಟ್ಟು ಯಕೃತ್ತಿನ ಹಾದಿಗೂ ಸೇರಿದ್ದು ಎಂದ. ಇಲ್ಲಿಂದ ಕಾರಣಗಳ ಸರಪಣಿ ಬೆಳೆಯುತ್ತದೆ. ಬಾಣಂತಿ ಜಿಡ್ಡಿನ, ಮಸಾಲೆಯ ಊಟ ಹೆಚ್ಚು ಮಾಡಿದರೆ ಜಠರದಲ್ಲಿ ಬಿಸಿ ಏರುತ್ತದೆ. ಸಿಟ್ಟು, ಚಿಂತೆ, ಹೊರಗೆ ಹಾಕಲಾಗದ ಬೇಸರ ಯಕೃತ್ತಿನ ಚಿಯನ್ನು ಬಿಗಿ ಮಾಡುತ್ತದೆ. ಹಾಲನ್ನು ಹೊರಗೆ ಬಿಡುವ ಕೆಲಸ ಯಕೃತ್ತಿನದಾದ್ದರಿಂದ ಹಾಲು ನಿಲ್ಲುತ್ತದೆ. ನಿಂತ ಹಾಲು ಬಿಸಿಯಾಗುತ್ತದೆ, ಬಿಸಿ ಮಾಂಸವನ್ನು ಕೊಳೆಯಿಸಿ ಕೀವು ಮಾಡುತ್ತದೆ. ಹೊರಗಿನಿಂದ ಒಡೆದ ತೊಟ್ಟಿನ ಮೂಲಕ ಒಳಹೊಗುವ 'ವಿಷ'ವನ್ನೂ ಈ ವೈದ್ಯ ಒಂದು ಕಾರಣವಾಗಿ ಎಣಿಸುತ್ತದೆ.

ಇಲ್ಲಿ ಜಠರ, ಯಕೃತ್ತು ಎಂದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಗಗಳಲ್ಲ. ಕೆಲಸಗಳ ಗುಂಪಿಗೆ ಇಟ್ಟ ಹೆಸರುಗಳು. ಹಾಗಾಗಿ 'ಯಕೃತ್ತಿನ ಬಿಗಿತ'ವನ್ನು ರಕ್ತಪರೀಕ್ಷೆಯಲ್ಲಿ ಹುಡುಕುವುದೂ, ಸಿಗಲಿಲ್ಲ ಎಂದು ನಗುವುದೂ ಎರಡೂ ವ್ಯರ್ಥ. ಆದರೆ ಟೀಕೆಗೆ ಅರ್ಹವಾದ ಅಂಶ ಒಂದಿದೆ. ಊಟ ಮತ್ತು ಸಿಟ್ಟು ಕಾರಣವಾದಾಗ ತಪ್ಪು ಬಾಣಂತಿಯದೇ ಆಗಿಬಿಡುತ್ತದೆ. ಅದೇ ಸಮಾಜದಲ್ಲಿ ಹೆರಿಗೆಯಾದ ಮರುದಿನದಿಂದಲೇ ಹಾಲು ಹೆಚ್ಚಲಿ ಎಂದು ಹಂದಿಕಾಲಿನ ಸೂಪು, ಮೀನಿನ ಸೂಪು ಕುಡಿಸುವವರು ಮನೆಯ ಹಿರಿಯರು. ಹಾಲು ಸರಿಯಾಗಿ ಇಳಿದು ಹರಿಯುವ ಮುನ್ನವೇ ಇವನ್ನು ಕೊಡಬೇಡಿ ಎಂದು ಚೀನೀ ವೈದ್ಯರೇ ಎಚ್ಚರಿಸುತ್ತಾರೆ. ಹಾಲು ವಿಪರೀತ ಇಳಿಯುವುದು ಬಾವಿಗೆ ದಾರಿ ಎಂದು ಹೊಸ ಮಾರ್ಗಸೂಚಿಯೂ ಹೇಳುವುದರಿಂದ, ಎರಡು ಪದ್ಧತಿಗಳೂ ಒಪ್ಪುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ಮೂರು ಹಂತ, ಮೂರು ಚಿಕಿತ್ಸೆ

ರುಯೊಂಗ್‌ನ ಚಿಕಿತ್ಸೆಯನ್ನು ಚೀನೀ ಪಠ್ಯಗಳು ಮೂರು ಹಂತವಾಗಿ ಒಡೆಯುತ್ತವೆ. ಹಾಲು ಕಟ್ಟಿ, ಗಂಟಾಗಿ, ನೋವು ಮತ್ತು ಜ್ವರ ಬರುವುದು ಮೊದಲನೆಯದು. ಈಗ ಕೆಲಸ ಕರಗಿಸುವುದು. 1742ರಲ್ಲಿ ಚಿಂಗ್ ರಾಜವಂಶದ ಆಜ್ಞೆಯಿಂದ ಸಂಕಲಿತವಾದ ವೈದ್ಯಕೋಶದಲ್ಲಿರುವ ಗ್ವಾಲೋ ನ್ಯೂಬಾಂಗ್ ಕಷಾಯ ಈ ಹಂತದ ಮುಖ್ಯ ಔಷಧ. ಅದರಲ್ಲಿನ ಗ್ವಾಲೋ ನಮ್ಮ ಪಡವಲಕಾಯಿಯ ಕುಲಕ್ಕೇ ಸೇರಿದ ಒಂದು ಬಳ್ಳಿಯ ಹಣ್ಣು. ಇದಲ್ಲದೆ ಒಂಟಿಯಾಗಿಯೂ, ಬೇರೆ ಮೂಲಿಕೆಗಳೊಂದಿಗೂ ಬಳಕೆಯಾಗುವುದು ಪುಗೊಂಗ್‌ಯಿಂಗ್, ಅಂದರೆ ಡ್ಯಾಂಡೆಲಿಯನ್ ಗಿಡ. 659ರಲ್ಲಿ ಟಾಂಗ್ ಅರಸರ ಕಾಲದ ಸರ್ಕಾರಿ ಔಷಧಕೋಶ ಈ ಗಿಡದ ಉಪಯೋಗವನ್ನು ಹೆಂಗಸರ ಎದೆಬಾವಿಗೆಂದೇ ನಮೂದಿಸಿದೆ. ಕಷಾಯವಾಗಿ ಕುಡಿಸುತ್ತಾರೆ, ಹಸಿ ಗಿಡವನ್ನು ಅರೆದು ಮೇಲೆ ಹಚ್ಚುತ್ತಾರೆ. 1617ರ ಶಸ್ತ್ರವೈದ್ಯ ಗ್ರಂಥವೊಂದರಲ್ಲಿ ಬರುವ, ಅರಿಸಿನವೂ ಸೇರಿದ 'ಬಂಗಾರಹಳದಿ' ಪುಡಿಯ ಪಟ್ಟು ಹಾಕುವುದೂ ಇದೆ.

ಗಂಟಿನ ನಡು ಮೆತ್ತಗಾಗಿ, ನೋವು ಮಿಡಿಯತೊಡಗಿದರೆ ಕೀವು ಆಗಿದೆ ಎಂದು ಅರ್ಥ. ಇದು ಎರಡನೇ ಹಂತ. ಇಲ್ಲಿ ಕರಗಿಸುವ ಮಾತಿಲ್ಲ. ಕೀವನ್ನು ಹೊರತರುವ ಔಷಧ, ಅದರ ಜತೆಗೆ ಕತ್ತಿ. ಎದೆಯನ್ನು ಕೊಯ್ಯುವಾಗ ತೊಟ್ಟಿನಿಂದ ಹೊರಕ್ಕೆ ಚಾಚುವ ಗೆರೆಯಂತೆ ಕೊಯ್ಯಬೇಕು, ಅಡ್ಡ ಕೊಯ್ದರೆ ಹಾಲಿನ ನಾಳಗಳು ತುಂಡಾಗುತ್ತವೆ ಎಂಬ ಸೂಚನೆ ಚೀನೀ ಶಸ್ತ್ರವೈದ್ಯದ ಪಠ್ಯದಲ್ಲಿದೆ. ಕೆಲವು ಆಸ್ಪತ್ರೆಗಳಲ್ಲಿ ಕಾಯಿಸಿದ ಸೂಜಿಯಿಂದ ರಂಧ್ರ ಮಾಡಿ ಕೀವು ಇಳಿಸುವ ಪದ್ಧತಿ ಈಗಲೂ ಇದೆ. ಆಧುನಿಕ ವೈದ್ಯರು ಇದೇ ಹಂತದಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಸಿರಿಂಜಿನಿಂದ ಕೀವು ಎಳೆಯುತ್ತಾರೆ. ಮೂರನೇ ಹಂತ ಕೀವು ಹೋದ ಮೇಲಿನದು: ಸೋತ ಬಾಣಂತಿಗೆ ಬಲ ತುಂಬುವ, ಗಾಯ ಮಾಯಿಸುವ ಔಷಧ.

ಈ ಹಂತಗಳ ಗಡಿಯನ್ನು ಒತ್ತಿ ಹೇಳಬೇಕಿದೆ. 'ಸಾಂಪ್ರದಾಯಿಕ ವಿಧಾನದಲ್ಲಿ ಆಪರೇಷನ್ ಇಲ್ಲದೆ ವಾಸಿ' ಎಂಬ ಜಾಹೀರಾತು ಮಾಡುವವರು ಯಾವ ಸಂಪ್ರದಾಯದ ಹೆಸರು ಹೇಳುತ್ತಾರೋ, ಆ ಸಂಪ್ರದಾಯವೇ ಕೀವಾದ ಮೇಲೆ ಕೊಯ್ಯಿರಿ ಎಂದಿದೆ.

ಸೂಜಿ, ಬೀಜ, ಬೆರಳು

ಔಷಧದ ಜತೆ ಸೂಜಿ. ಎದೆಬಾವಿಗೆ ಅಕ್ಯುಪಂಕ್ಚರ್‌ನಲ್ಲಿ ಹೆಸರಾದ ಬಿಂದು ಭುಜದ ಮೇಲಿನ ಜಿಯಾನ್‌ಜಿಂಗ್. ಇದಲ್ಲದೆ ಎರಡು ಎದೆಗಳ ನಡುವಿನ ಬಿಂದು, ಕಿರುಬೆರಳ ತುದಿ, ಮೊಣಕಾಲ ಕೆಳಗಿನ ಜಠರದ ಬಿಂದು, ಪಾದದ ಮೇಲಿನ ಯಕೃತ್ತಿನ ಬಿಂದು ಇವೂ ಬಳಕೆಯಲ್ಲಿವೆ. ಭುಜದ ಬಿಂದುವಿನ ಕೆಳಗೇ ಶ್ವಾಸಕೋಶದ ತುದಿ ಇರುವುದರಿಂದ ಸೂಜಿ ಆಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ಚುಚ್ಚಿ ಗಾಳಿ ಸೋರುವ ಅಪಾಯವಿದೆ. ತರಬೇತಾದ ಕೈಗೆ ಇದು ಗೊತ್ತಿರುತ್ತದೆ. ವಾರಾಂತ್ಯದ ಕೋರ್ಸು ಮುಗಿಸಿದ ಕೈಗೆ ಗೊತ್ತಿರುತ್ತದೆ ಎಂದು ಹೇಳಲಾಗದು. ಇನ್ನು ಕೆಲವರು ಸಣ್ಣ ಬೀಜಗಳನ್ನು ಕಿವಿಯ ಬಿಂದುಗಳ ಮೇಲೆ ಪ್ಲಾಸ್ಟರ್‌ನಲ್ಲಿ ಅಂಟಿಸಿ ಒತ್ತಿಸುತ್ತಾರೆ.

ಬೆರಳಿನ ಕೆಲಸವೇ ವಿವಾದದ ಮೂಲ. ತುಯಿನಾ ಎಂಬ ಮರ್ದನ ಪದ್ಧತಿಯಿಂದ ಬಂದ, ಎದೆಯ ಅಂಚಿನಿಂದ ತೊಟ್ಟಿನ ಕಡೆಗೆ ಹಾಲನ್ನು ತಂದು ಹೊರಗೆ ಬಿಡುವ ಕ್ರಮ ಚೀನೀ ವೈದ್ಯದ ಆಸ್ಪತ್ರೆಗಳ ಸ್ತನ ವಿಭಾಗಗಳಲ್ಲಿ ದಿನನಿತ್ಯ ನಡೆಯುತ್ತದೆ. ಅಲ್ಲಿ ಅಲ್ಟ್ರಾಸೌಂಡ್ ಇದೆ, ರಕ್ತಪರೀಕ್ಷೆ ಇದೆ, ಬೇಕಾದರೆ ಆ್ಯಂಟಿಬಯಾಟಿಕ್ ಕೂಡ ಕೊಡುತ್ತಾರೆ. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ಡು ನಗರಗಳಲ್ಲಿ ಚೀನೀ ವೈದ್ಯದ ಕಾಲೇಜುಗಳು ಶುರುವಾದಾಗಿನಿಂದಲೂ ಎರಡು ವೈದ್ಯಗಳನ್ನು ಬೆರೆಸುವುದೇ ಸರ್ಕಾರದ ನೀತಿ. ಆದರೆ ಆಸ್ಪತ್ರೆಯ ಹೊರಗೆ, ಮನೆಗೆ ಬಂದು ಹಾಲು ಬಿಡಿಸಿಕೊಡುವ ತ್ಸುಯ್‌ರುಶಿ ಎಂಬ ವೃತ್ತಿಯವರ ದೊಡ್ಡ ಮಾರುಕಟ್ಟೆಯೇ ಬೆಳೆದಿದೆ. ಇವರು ವೈದ್ಯರಲ್ಲ, ನರ್ಸುಗಳಲ್ಲ. ಅಲ್ಪಾವಧಿ ತರಬೇತಿಯ ಪ್ರಮಾಣಪತ್ರ ಇರುವವರೇ ಬಹಳ. ಗಂಟು ಒಡೆಯುವವರೆಗೆ ಹಿಂಡುವುದೇ ಇವರಲ್ಲಿ ಕೆಲವರಿಗೆ ಗೊತ್ತಿರುವ ವಿದ್ಯೆ.

ಚೀನಾದಲ್ಲಿ ಇದಕ್ಕೆ ಇಷ್ಟು ಬೇಡಿಕೆ ಏಕೆ? 2019ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಆರು ತಿಂಗಳವರೆಗೆ ಎದೆಹಾಲು ಮಾತ್ರ ಕುಡಿಯುವ ಕೂಸುಗಳ ಪ್ರಮಾಣ ಅಲ್ಲಿ ಶೇ 29ರ ಆಸುಪಾಸು. ಹಾಲು ಕುಡಿಸಬೇಕೆಂಬ ಒತ್ತಡ ಒಂದು ಕಡೆ, ಕುಡಿಸುವುದನ್ನು ಕಲಿಸುವವರ ಕೊರತೆ ಇನ್ನೊಂದು ಕಡೆ. ಜತೆಗೆ ಮಾತ್ರೆ ನುಂಗಿದರೆ ಹಾಲಿನಲ್ಲಿ ಇಳಿದು ಮಗುವಿಗೆ ಕೆಡುಕಾಗುತ್ತದೆ ಎಂಬ ಭಯ. ಎದೆಬಾವಿಗೆ ಸಾಮಾನ್ಯವಾಗಿ ಬರೆಯುವ ಆ್ಯಂಟಿಬಯಾಟಿಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಇವೆಲ್ಲ ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದವೇ. ಈ ಭಯಕ್ಕೆ ನಮ್ಮಲ್ಲೂ ಕೊರತೆಯಿಲ್ಲ. ಭಯ ಇರುವ ಕಡೆ 'ಮಾತ್ರೆ ಇಲ್ಲದ ಚಿಕಿತ್ಸೆ'ಗೆ ಗಿರಾಕಿ ತಾನಾಗಿ ಬರುತ್ತಾರೆ.

ಎರಡು ವಾದಗಳು

ಚೀನೀ ವೈದ್ಯರಲ್ಲಿ ಎಲ್ಲರ ಬಾಯಲ್ಲಿರುವ ಸೂತ್ರವೊಂದಿದೆ: ಹರಿವಿದ್ದರೆ ನೋವಿಲ್ಲ, ನೋವಿದ್ದರೆ ಹರಿವಿಲ್ಲ. ಅವರ ವಾದ ಸರಳ. ಗಂಟು ಕಟ್ಟಿದ ಎದೆಯಿಂದ ನಾಜೂಕಾಗಿ ಹಾಲು ಇಳಿಸಿದ ಕೂಡಲೇ ನೋವು ಇಳಿಯುವುದನ್ನು ನಾವು ದಿನವೂ ಕಾಣುತ್ತೇವೆ. ಅದನ್ನು ಬಿಟ್ಟು ಐಸ್ ಇಟ್ಟು ಕಾಯಿರಿ ಎಂದರೆ ಹೇಗೆ?

ಈ ವಾದಕ್ಕೆ ಪಾಶ್ಚಾತ್ಯ ಸಂಶೋಧನೆಯಲ್ಲೇ ಬೆಂಬಲವಿದೆ. 1984ರ ಡೆನ್ಮಾರ್ಕ್ ಅಧ್ಯಯನವೊಂದರಲ್ಲಿ ಸೋಂಕಿನ ಎದೆಬಾವಿಗೆ ಏನೂ ಮಾಡದೆ ಬಿಟ್ಟಾಗ ಒಳ್ಳೆಯ ಫಲ ಸಿಕ್ಕಿದ್ದು ಶೇ 15ರಷ್ಟು ಪ್ರಕರಣಗಳಲ್ಲಿ. ಹಾಲು ಖಾಲಿ ಮಾಡಿದಾಗ ಶೇ 50ರಲ್ಲಿ. ಖಾಲಿ ಮಾಡಿ ಆ್ಯಂಟಿಬಯಾಟಿಕ್ ಕೊಟ್ಟಾಗ ಶೇ 96ರಲ್ಲಿ. ಖಾಲಿ ಮಾಡಿ ಎಂಬ ಸಲಹೆ ದಶಕಗಳ ಕಾಲ ನಿಂತದ್ದರ ಹಿಂದೆ ಈ ಅಧ್ಯಯನದ ಪಾಲು ದೊಡ್ಡದು. ಹೊಸ ಮಾರ್ಗಸೂಚಿ ಬಂದಾಗ ಹಾಲೂಡಿಸುವ ಸಲಹೆಗಾರರಲ್ಲಿ ಹಲವರು ತಕರಾರು ತೆಗೆದದ್ದೂ ಇದಕ್ಕೇ: ಹಳೆಯ ಸಲಹೆಯನ್ನು ಕಿತ್ತುಹಾಕುವಷ್ಟು ಹೊಸ ಪುರಾವೆ ಎಲ್ಲಿದೆ?

ಮಾರ್ಗಸೂಚಿಯ ಪರ ಇರುವವರ ಉತ್ತರ: 'ಖಾಲಿ ಮಾಡಿ' ಎಂಬ ಮಾತು ಮನೆಗೆ ತಲುಪುವ ಹೊತ್ತಿಗೆ ಎರಡು ಗಂಟೆಗೊಮ್ಮೆ ಪಂಪ್, ಕಂಪಿಸುವ ಯಂತ್ರ, ಮುಷ್ಟಿಯಲ್ಲಿ ಒತ್ತುವ ಮರ್ದನ ಆಗಿರುತ್ತದೆ. ಚರ್ಮ ಕಂದುಗಟ್ಟಿ, ಊತ ಇಮ್ಮಡಿಯಾಗಿ, ಕುರುವಾಗಿ ಬರುವ ತಾಯಂದಿರನ್ನು ನಾವು ನೋಡುತ್ತಿದ್ದೇವೆ. ಗಮನಿಸಬೇಕಾದ್ದು, ಈ ಮಾರ್ಗಸೂಚಿ ಎಲ್ಲ ಸ್ಪರ್ಶವನ್ನೂ ಬೇಡ ಎಂದಿಲ್ಲ. ಚರ್ಮದ ಮೇಲೆ ಹಗುರವಾಗಿ ಕೈಯಾಡಿಸಿ ಕಂಕುಳಿನ ಕಡೆಗೆ ದುಗ್ಧರಸ (ಅಂಗಾಂಶಗಳಿಂದ ಬಸಿದು ಹೋಗುವ ದ್ರವ, ಲಿಂಫ್) ಹರಿಯುವಂತೆ ಮಾಡುವುದನ್ನು ಅದು ಸೂಚಿಸುತ್ತದೆ. ಹಾಲು ಕುಡಿಸುವುದನ್ನು ನಿಲ್ಲಿಸಿ ಎಂದೂ ಅದು ಹೇಳಿಲ್ಲ.

ಅನುಭವಿ ಚೀನೀ ವೈದ್ಯರ ಬೆರಳು ಮತ್ತು ಈ ಹಗುರ ಕೈಯಾಟದ ನಡುವೆ ಇರುವ ಅಂತರಕ್ಕಿಂತ, ಅನುಭವಿ ವೈದ್ಯರಿಗೂ ಗಂಟೆಗಿಷ್ಟು ಎಂದು ದುಡ್ಡು ಪಡೆದು ಹಿಂಡುವವರಿಗೂ ಇರುವ ಅಂತರ ದೊಡ್ಡದು. ಜಗಳವನ್ನು ಪೂರ್ವ–ಪಶ್ಚಿಮ ಎಂದು ಬರೆಯುವವರು ಈ ಎರಡನೇ ಅಂತರವನ್ನು ಮರೆಮಾಡುತ್ತಾರೆ.

ತಂಪಿನ ಭಯ

ನಿಜವಾಗಿ ಎದುರುಬದುರಾಗುವುದು ಇಲ್ಲಿ. ತಂಪು ಹೆಪ್ಪುಗಟ್ಟಿಸುತ್ತದೆ, ಬಿಸಿ ಕರಗಿಸುತ್ತದೆ ಎಂಬುದು ಚೀನೀ ವೈದ್ಯದ ಮೂಲ ನಂಬಿಕೆಗಳಲ್ಲೊಂದು. ಹೆತ್ತವಳ ದೇಹ ಬರಿದಾಗಿದೆ, ಅದಕ್ಕೆ ತಂಪು ಸೋಕಬಾರದು ಎಂದು ಒಂದು ತಿಂಗಳು ಮನೆಯೊಳಗೇ ಇರಿಸುವ ಪದ್ಧತಿ ಅಲ್ಲಿ ಇಂದಿಗೂ ಗಟ್ಟಿ. ಬಾಣಂತಿಗೆ ತಣ್ಣೀರು ಮುಟ್ಟಿಸದ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟುವ ಕನ್ನಡದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಎರಡು ಸಮಾಜಗಳಲ್ಲೂ ಎದೆಯ ಮೇಲೆ ಐಸ್ ಇಡಿ ಎಂದರೆ ಮೊದಲು ಬೇಡ ಎನ್ನುವವರು ಮನೆಯ ಅಜ್ಜಿ, ಆಮೇಲೆ ಬಾಣಂತಿ.

ಚೀನೀ ವೈದ್ಯದಲ್ಲಿ ಈ ಆಕ್ಷೇಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅತಿಯಾದ ತಂಪಿನ ಕಹಿ ಮೂಲಿಕೆಗಳನ್ನೋ, ಆ್ಯಂಟಿಬಯಾಟಿಕ್ಕನ್ನೋ ಹೆಚ್ಚು ಕೊಟ್ಟರೆ ಜ್ವರ ಹೋಗುತ್ತದೆ, ಆದರೆ ಎದೆಯಲ್ಲಿ ಕರಗದ ಗಟ್ಟಿ ಗಡ್ಡೆ ಉಳಿಯುತ್ತದೆ ಎನ್ನುತ್ತವೆ ಪಠ್ಯಗಳು. ಆ್ಯಂಟಿಬಯಾಟಿಕ್ಕನ್ನು 'ತಂಪು' ಎಂದು ವರ್ಗೀಕರಿಸಿದ್ದು ಇಪ್ಪತ್ತನೇ ಶತಮಾನದ ಸೇರ್ಪಡೆ ಎಂಬುದು ಸ್ಪಷ್ಟ. ಜ್ವರ ಇಳಿದ ಮೇಲೂ ಗಂಟು ಕೆಲವು ದಿನ ಉಳಿಯುವುದು ಎಲ್ಲ ವೈದ್ಯರೂ ಕಾಣುವ ಸಂಗತಿ. ಅದಕ್ಕೆ ಔಷಧದ ತಂಪೇ ಕಾರಣ ಎನ್ನಲು ಆಧಾರವಿಲ್ಲ. ಈ ನಂಬಿಕೆಯ ಪರಿಣಾಮ ಮಾತ್ರ ಕಣ್ಣಿಗೆ ಕಾಣುತ್ತದೆ: ಸೋಂಕು ಖಚಿತವಾದ ತಾಯಿ ಮಾತ್ರೆಯನ್ನು ಎರಡು ದಿನಕ್ಕೇ ಬಿಟ್ಟುಬಿಡುತ್ತಾಳೆ.

ಬಿಸಿಯ ಬಗ್ಗೆ ಹೊಸ ಮಾರ್ಗಸೂಚಿಯೂ ಅಷ್ಟೇನೂ ಕಟ್ಟುನಿಟ್ಟಲ್ಲ. ಬಿಸಿ ರಕ್ತಸಂಚಾರ ಹೆಚ್ಚಿಸಿ ಊತವನ್ನು ಏರಿಸಬಹುದು, ಆದರೆ ಕೆಲವರಿಗೆ ಅದರಿಂದ ಹಿತವೆನಿಸುತ್ತದೆ ಎಂದು ಒಪ್ಪುತ್ತದೆ.

ಪುರಾವೆಯ ತೂಕ

ಚೀನೀ ಚಿಕಿತ್ಸೆಗೆ ಪುರಾವೆಯೇ ಇಲ್ಲ ಎನ್ನುವುದು ತಪ್ಪು. ಇರುವ ಪುರಾವೆ ಗಟ್ಟಿ ಎನ್ನುವುದೂ ತಪ್ಪು. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಇನ್ನೂರಕ್ಕೂ ಸ್ವಲ್ಪ ಹೆಚ್ಚು ತಾಯಂದಿರನ್ನು ಗುಂಪುಗಳಾಗಿ ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಮಾತ್ರ ಭುಜದ ಆ ಬಿಂದು ಸೇರಿದಂತೆ ಸೂಜಿ ಹಾಕಿತು. ಮೂರನೇ, ನಾಲ್ಕನೇ ದಿನ ಸೂಜಿಯ ಗುಂಪಿನಲ್ಲಿ ತೊಂದರೆ ಕಡಿಮೆ ಇತ್ತು. ಆದರೆ ಪೂರ್ತಿ ಗುಣವಾಗಲು ಹಿಡಿದ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನೋವು ಬೇಗ ಇಳಿಯುವುದು ಸಣ್ಣ ಲಾಭವಲ್ಲ, ಗುಣವಾಗುವುದು ಬೇಗ ಆಗಲಿಲ್ಲ ಎಂಬುದೂ ನಿಜ.

ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ, ಎದೆಬಾವು ಬರದಂತೆ ತಡೆಯುವ ಕ್ರಮಗಳ ಬಗ್ಗೆ 2020ರಲ್ಲಿ ಹೊರತಂದ ಪರಾಮರ್ಶೆ ಹತ್ತು ಪ್ರಯೋಗಗಳನ್ನು, ಮೂರು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡಿತ್ತು. ಅಕ್ಯುಪಂಕ್ಚರ್ ಬಿಂದುಗಳ ಮೇಲೆ ಮಾಡುವ ಮರ್ದನ ಸಾಮಾನ್ಯ ಆರೈಕೆಗಿಂತ ಪ್ರಾಯಶಃ ಮೇಲು ಎಂದು ಅದು ಹೇಳಿತು. ಇದನ್ನು ಓದಿದ ಕೂಡಲೇ ಮರ್ದನ ಗೆದ್ದಿತು ಎಂದು ಬರೆಯುವವರಿದ್ದಾರೆ. ಆದರೆ ಬಾವು ಬಾರದಿರಲು ಬಿಂದುಗಳ ಮೇಲೆ ಮಾಡುವ ಮರ್ದನ ಬೇರೆ, ಬಾತಿರುವ ಎದೆಯನ್ನು ಒತ್ತಿ ತಿಕ್ಕುವುದು ಬೇರೆ.

ಮೂಲಿಕೆಗಳ ವಿಷಯದಲ್ಲಿ ಚೀನೀ ಭಾಷೆಯಲ್ಲಿ ಪ್ರಯೋಗಗಳು ಹೇರಳ. ಬಹಳಷ್ಟು ಚಿಕ್ಕವು, ಯಾರಿಗೆ ಯಾವ ಔಷಧ ಎಂದು ರೋಗಿಗೂ ವೈದ್ಯರಿಗೂ ಗೊತ್ತಿರುವಂಥವು. ಫಲಿತಾಂಶವನ್ನು 'ಒಟ್ಟು ಪರಿಣಾಮ ಪ್ರಮಾಣ' ಎಂಬ ಅಳತೆಯಲ್ಲಿ ಹೇಳುವುದು ಅಲ್ಲಿನ ರೂಢಿ: ವಾಸಿಯಾದವರು, ಬಹಳ ಸುಧಾರಿಸಿದವರು, ಸ್ವಲ್ಪ ಸುಧಾರಿಸಿದವರು ಎಲ್ಲರನ್ನೂ ಕೂಡಿಸಿ ಒಂದೇ ಶೇಕಡಾವಾರು. ಸೋಂಕಿಲ್ಲದ ಎದೆಬಾವು ಬಹಳ ಸಲ ತಾನಾಗಿಯೇ ಇಳಿಯುವುದರಿಂದ, ಈ ಅಳತೆಯಲ್ಲಿ ಯಾವ ಔಷಧ ಕೊಟ್ಟರೂ ಅಂಕಿ ಚೆನ್ನಾಗಿಯೇ ಬರುತ್ತದೆ. ಡ್ಯಾಂಡೆಲಿಯನ್ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ಸ್ಟೆಫೈಲೋಕಾಕಸ್ ಬೆಳೆಯದಂತೆ ತಡೆಯುವುದನ್ನು ತೋರಿಸಿದ್ದಾರೆ. ತಟ್ಟೆಯಿಂದ ತಾಯಿಯ ಎದೆಗೆ ದೂರ ಬಹಳ.

ಆದರೆ ಇನ್ನೊಂದು ಬದಿ ಬೀಗುವಂತೆಯೂ ಇಲ್ಲ. ಎದೆಬಾವಿಗೆ ಆ್ಯಂಟಿಬಯಾಟಿಕ್ ಕುರಿತ 2013ರ ಕಾಕ್ರೇನ್ ಪರಾಮರ್ಶೆಗೆ ಸಿಕ್ಕ ಯೋಗ್ಯ ಪ್ರಯೋಗಗಳು ಎರಡೇ ಎರಡು, ತೀರ್ಮಾನ: ಪುರಾವೆ ಸಾಲದು. ಐಸ್ ಮತ್ತು ಹಗುರ ಕೈಯಾಟದ ಸಲಹೆ ಕೂಡ ದೊಡ್ಡ ಪ್ರಯೋಗಗಳ ಮೇಲೆ ನಿಂತಿಲ್ಲ. ಅಂಗರಚನೆಯ ತಿಳಿವು ಮತ್ತು ಪರಿಣತರ ಅನುಭವದ ಮೇಲೆ ನಿಂತಿದೆ. ಇಷ್ಟೊಂದು ಹೆಂಗಸರಿಗೆ ಬರುವ ಕಾಯಿಲೆಯ ಬಗ್ಗೆ ಸಂಶೋಧನೆ ಇಷ್ಟು ಕಡಿಮೆ ಏಕೆ ಎಂದು ಕೇಳಿದರೆ, ಉತ್ತರ ಪೂರ್ವದಲ್ಲೂ ಪಶ್ಚಿಮದಲ್ಲೂ ಒಂದೇ ಇದ್ದೀತು.

ಪೊಟ್ಟಣದೊಳಗೆ ಏನಿದೆ

ಡ್ಯಾಂಡೆಲಿಯನ್ ಕಷಾಯದಿಂದ ದೊಡ್ಡ ಅಪಾಯವಿಲ್ಲದಿರಬಹುದು. ಹಾಲು ಹರಿಸುವ ಹಳೆಯ ಔಷಧ ಮಿಶ್ರಣಗಳಲ್ಲಿ ಇರುವುದೆಲ್ಲ ಅಷ್ಟು ಸಾಧುವಲ್ಲ. ಮೂಟಾಂಗ್ ಎಂಬ ಬಳ್ಳಿ ಹಾಲು ಇಳಿಸಲು ಹೆಸರಾದದ್ದು. ಅದೇ ಹೆಸರಿನಲ್ಲಿ ಬಹುಕಾಲ ಮಾರಾಟವಾದ ಗ್ವಾನ್ ಮೂಟಾಂಗ್ ಎಂಬ ಜಾತಿಯಲ್ಲಿ ಮೂತ್ರಪಿಂಡವನ್ನು ಹಾಳುಮಾಡುವ, ಕ್ಯಾನ್ಸರ್ ತರುವ ಅರಿಸ್ಟೊಲೋಕಿಕ್ ಆಮ್ಲವಿದೆ. ಚೀನಾ ಸರ್ಕಾರ 2003ರಲ್ಲಿ ಅದರ ಬಳಕೆಯ ಮಾನ್ಯತೆ ರದ್ದು ಮಾಡಿತು. ಕುರುವಿಗೆ ತುಂಬುವ ಕೆಲವು ಸಾಂಪ್ರದಾಯಿಕ ಪುಡಿಗಳಲ್ಲಿ ಪಾದರಸದ ಸಂಯುಕ್ತವಿದೆ. ಹಾಲೂಡಿಸುವ ಎದೆಗೆ ಅದನ್ನು ಹಾಕುವುದನ್ನು ಯಾವ ವಾದವೂ ಸಮರ್ಥಿಸಲಾರದು.

ಇನ್ನು ಚಿಪ್ಪುಹಂದಿ. ಅದರ ಚಿಪ್ಪು ತಡೆ ಬಿಡಿಸುತ್ತದೆ, ಹಾಲು ಇಳಿಸುತ್ತದೆ, ಕೀವು ಹೊರಹಾಕುತ್ತದೆ ಎಂಬ ನಂಬಿಕೆಯಿಂದ ಎದೆಬಾವಿನ ಔಷಧ ಮಿಶ್ರಣಗಳಲ್ಲಿ ಶತಮಾನಗಳಿಂದ ಬಂದಿದೆ. ಚಿಪ್ಪು ಎಂದರೆ ನಮ್ಮ ಉಗುರಿನಲ್ಲಿರುವ ಕೆರಾಟಿನ್ ಅಷ್ಟೆ. ಜಗತ್ತಿನ ಎಲ್ಲ ಚಿಪ್ಪುಹಂದಿ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ 2016ರ ಸಮ್ಮೇಳನ ನಿಷೇಧಿಸಲು ನಿರ್ಧರಿಸಿತು. ಚೀನಾ 2020ರ ತನ್ನ ಔಷಧಕೋಶದ ಆವೃತ್ತಿಯಲ್ಲಿ ಚಿಪ್ಪನ್ನು ಔಷಧದ್ರವ್ಯಗಳ ಪಟ್ಟಿಯಿಂದ ಕೈಬಿಟ್ಟಿತು. ಕರ್ನಾಟಕದ ಕಾಡುಗಳಿಗೂ ಈ ವಿಷಯ ಸಂಬಂಧಿಸಿದೆ. ಭಾರತದ ಚಿಪ್ಪುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದ್ದರೂ ಕಳ್ಳಬೇಟೆ ನಿಂತಿಲ್ಲ, ಚಿಪ್ಪಿನ ಕಳ್ಳಸಾಗಣೆಯ ಮುಖ ಬಹುತೇಕ ಪೂರ್ವಕ್ಕೇ.

ಇನ್ನು ಮುಂದೆ

ಭಾರತದಲ್ಲಿ ಚೀನೀ ಮೂಲಿಕೆ ಔಷಧ ವ್ಯಾಪಕವಾಗಿಲ್ಲ, ಅಕ್ಯುಪಂಕ್ಚರ್ ಇದೆ. ಉಜಿರೆ, ಮೂಡುಬಿದಿರೆಯಂಥ ಕಡೆ ಇರುವ ಪ್ರಕೃತಿ ಚಿಕಿತ್ಸಾ ಕಾಲೇಜುಗಳ ಪದವಿ ಪಠ್ಯದಲ್ಲೇ ಅದು ಸೇರಿದೆ. ಸಿಂಗಪುರ, ಆಸ್ಟ್ರೇಲಿಯಾ, ಅಮೆರಿಕದಲ್ಲಿ ಹೆರಿಗೆಯಾಗುವ ಕನ್ನಡದ ಹೆಣ್ಣುಮಕ್ಕಳಿಗಂತೂ ಚೀನೀ ಕ್ಲಿನಿಕ್ಕು ಪಕ್ಕದ ಬೀದಿಯಲ್ಲೇ ಸಿಗುತ್ತದೆ. ಅವರು ಮಾಡುವ ಆಯ್ಕೆಗೆ ಸಿದ್ಧಾಂತಕ್ಕಿಂತ ಗಡಿಯಾರ ಮುಖ್ಯ. ಗಂಟು ಕಾಣಿಸಿಕೊಂಡ ಮೊದಲ ದಿನ ಸೂಜಿಯಿಂದಲೋ ಕಷಾಯದಿಂದಲೋ ಹಿತವೆನಿಸಿದರೆ, ಮಗುವಿಗೆ ಕುಡಿಸುವುದು ನಡೆದಿದ್ದರೆ, ಯಾರೂ ಒತ್ತಿ ತಿಕ್ಕದಿದ್ದರೆ ಕಳೆದುಕೊಳ್ಳುವುದು ಹೆಚ್ಚಿಲ್ಲ. 24 ಗಂಟೆಯಲ್ಲಿ ಇಳಿಮುಖವಾಗದಿದ್ದರೆ, ಜ್ವರ ಏರುತ್ತಿದ್ದರೆ ಸೋಂಕಿಗೆ ಚಿಕಿತ್ಸೆ ಬೇಕು. ಗಂಟಿನ ನಡು ಮೆತ್ತಗಾದರೆ ಅಲ್ಟ್ರಾಸೌಂಡ್ ಬೇಕು. ಚಿಕಿತ್ಸೆಯಾದರೂ ಗಂಟು, ಕೆಂಪು ಹಾಗೆಯೇ ಉಳಿದರೆ ಬಯಾಪ್ಸಿಯ (ಚೂರು ಅಂಗಾಂಶ ತೆಗೆದು ಪರೀಕ್ಷಿಸುವ) ಮಾತು ಬರುತ್ತದೆ, ಏಕೆಂದರೆ ಸ್ತನ ಕ್ಯಾನ್ಸರಿನ ಒಂದು ಬಗೆ ಬಾವಿನ ವೇಷದಲ್ಲೇ ಬರುತ್ತದೆ. ಇದನ್ನು ಹೆಸರಾಂತ ಚೀನೀ ವೈದ್ಯದ ಆಸ್ಪತ್ರೆಯಲ್ಲೂ ಹೀಗೇ ಮಾಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯತಂತ್ರದ ಫಲ ಇನ್ನು ಹತ್ತು ವರ್ಷದಲ್ಲಿ ಕಾಣುವುದಾದರೆ, ಬಿಂದು ಮರ್ದನವನ್ನು ತಣ್ಣನೆಯ ಪಟ್ಟಿಯ ಎದುರು ಇಟ್ಟು ನೋಡುವ, ಡ್ಯಾಂಡೆಲಿಯನ್ ಕಷಾಯವನ್ನು ಅದೇ ಬಣ್ಣದ ಹುಸಿ ಕಷಾಯದ ಎದುರು ನಿಲ್ಲಿಸುವ ಪ್ರಯೋಗಗಳು ನಡೆಯಬಹುದು. ಅವು ನಡೆಯುವುದು ದೊಡ್ಡ ಆಸ್ಪತ್ರೆಗಳಲ್ಲಿ, ತರಬೇತಾದವರ ಕೈಯಲ್ಲಿ. ಮೊಬೈಲಿನಲ್ಲಿ ಬುಕ್ ಮಾಡಿದರೆ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಹಿಂಡಿಕೊಡುವವರು ಆ ಯಾವ ಪ್ರಯೋಗದಲ್ಲೂ ಇರುವುದಿಲ್ಲ. ಫಲಿತಾಂಶ ಮರ್ದನದ ಪರವಾಗಿ ಬಂದರೆ ಅದನ್ನು ಜಾಹೀರಾತಿಗೆ ಮೊದಲು ಹಾಕಿಕೊಳ್ಳುವವರು ಮಾತ್ರ ಅವರೇ.